ಮಗಳ ಸಹಿ: ಪಾಲು, ಬಿಡುಗಡೆ, ಉಯಿಲು

(ಹುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ವಿವಾಹ ವಿಚ್ಛೇದನ, ಆಸ್ತಿ ಪಾಲು, ಉಯಿಲು, ಈ ಮೂರರ ಬಗ್ಗೆ ಊರಿನವರಿಗೆ ಉಪಯೋಗಕ್ಕೆ ಬರುವ ಹಾಗೆ ಮಾತಾಡಬೇಕೆಂದು ಸಂಘಟಕರು ಕೇಳಿದ್ದಾರೆ. ವಕೀಲರ ಬೀರುವಿನಲ್ಲಿ ಇವು ಮೂರು ಬೇರೆ ಬೇರೆ ಫೈಲು. ಮನೆಯೊಳಗೆ ಮಾತ್ರ ಒಂದೇ ವಿಷಯ. ಗಂಡನ ಮನೆಯಲ್ಲಿ ಬಾಳಲಾಗದೆ ಮಗಳು ವಾಪಸು ಬಂದಳು ಅನ್ನಿ. ಅವಳಿಗೆ ತವರಿನಲ್ಲಿ ಒಂದು ಕೋಣೆ, ಅರ್ಧ ಎಕರೆ ಇದೆಯೆ? ಅದಕ್ಕೆ ಉತ್ತರ ಹಿಂದೊಮ್ಮೆ ಅವಳು ಯಾವ ಕಾಗದಕ್ಕೆ ಸಹಿ ಹಾಕಿದ್ದಳು, ಅಪ್ಪ ಯಾವ ಉಯಿಲು ಬರೆದಿಟ್ಟು ಹೋದರು ಎಂಬುದರಲ್ಲಿರುತ್ತದೆ. ಹೆಣ್ಣುಮಗಳಿಗೆ ಕಾನೂನು ಕೊಟ್ಟಿರುವ ಆಸರೆಗಳಲ್ಲಿ ತವರಿನ ಪಾಲಿನಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಅದು ಕೋರ್ಟಿನಲ್ಲಿ ಸೋತು ಹೋಗುವುದಕ್ಕಿಂತ ಹೆಚ್ಚಾಗಿ, ಓದದೆ ಹಾಕಿದ ಸಹಿಯಲ್ಲಿ ಹೋಗುತ್ತದೆ. ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ.

ಈಗ ಏಕೆ ಈ ಮಾತು

ನಮ್ಮ ಕೋಲಾರ ಜಿಲ್ಲೆಯಲ್ಲಿ ಶಾಶ್ವತವಾಗಿ ಹರಿಯುವ ನದಿಯಿಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಬೋರ್‌ವೆಲ್ಲು, ಸಾಲ. ಎರಡು ಎಕರೆ ರಾಗಿ ಹೊಲದಲ್ಲಿ ಪಾಲು ಕೇಳಿದ ತಂಗಿಗೆ "ಏನಿದೆ ಅಂತ ಕೇಳ್ತೀಯಮ್ಮ, ಸಾಲದಲ್ಲೂ ಪಾಲು ತಗೋತೀಯಾ?" ಎಂದು ಅಣ್ಣ ಹೇಳಿದರೆ ಆ ಮಾತಿನಲ್ಲಿ ನಿಜವೂ ಇರುತ್ತಿತ್ತು. ಆಮೇಲೆ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬಂದವು. ಹೊಸಕೋಟೆಯಿಂದ ಮಾಲೂರು, ಬೇತಮಂಗಲದ ಕಡೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋಯಿತು. ಸುತ್ತಮುತ್ತ ಲೇಔಟುಗಳು ಎದ್ದವು. ಎಕರೆಯ ಲೆಕ್ಕ ಗುಂಟೆಗೆ ಇಳಿಯಿತು, ಗುಂಟೆಯ ಲೆಕ್ಕ ಚದರಡಿಗೆ. ಭೂಸ್ವಾಧೀನದ ಪರಿಹಾರ ಬರುವಾಗ ಅಧಿಕಾರಿಗಳು ಮೊದಲು ನೋಡುವುದು ಪಹಣಿಯ ಒಂಬತ್ತನೇ ಕಾಲಂ. ಅಲ್ಲಿ ಅಣ್ಣನ ಹೆಸರೊಂದೇ ಇದ್ದರೆ ಚೆಕ್ಕು ಅಣ್ಣನಿಗೆ. ಅದನ್ನು ಕೇಳಿದ ಮೇಲೆ ತಂಗಿ ವಕೀಲರನ್ನು ಹುಡುಕುತ್ತಾಳೆ. ಆ ಹೊತ್ತಿಗೆ ಹಣದಲ್ಲಿ ಅರ್ಧ ಮನೆ ಕಟ್ಟಿ ಆಗಿರುತ್ತದೆ.

ಒಂದು ವಿಷಯ ಇಲ್ಲೇ ತಿಳಿದಿರಲಿ. ಪಹಣಿಯಾಗಲಿ ಖಾತೆಯಾಗಲಿ ಹಕ್ಕನ್ನು ಹುಟ್ಟಿಸುವುದಿಲ್ಲ. ಅವು ಕಂದಾಯ ಇಲಾಖೆಯ ದಾಖಲೆ. ಅದರಲ್ಲಿ ಬರೆದದ್ದು ಸರಿ ಎಂದು ಕಾನೂನು ಊಹಿಸುತ್ತದೆ, ತಪ್ಪೆಂದು ತೋರಿಸಲು ಅವಕಾಶವನ್ನೂ ಇಟ್ಟಿದೆ. ಅಣ್ಣನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ತಂಗಿಯ ಪಾಲು ಸಾಯುವುದಿಲ್ಲ.

ಮೈಸೂರು ಸೀಮೆಯ ಹಳೆಯ ಹೆಜ್ಜೆ

ಹೆಣ್ಣುಮಕ್ಕಳಿಗೆ ಪಾಲು ಎಂಬುದು ದೆಹಲಿಯಿಂದ ಮೊನ್ನೆ ಬಂದ ಮಾತು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೋಲಾರ ಜಿಲ್ಲೆ ಮೈಸೂರು ಸಂಸ್ಥಾನದ ಭಾಗವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಜಾರಿಗೆ ಬಂತು. ಒಟ್ಟು ಕುಟುಂಬ ಪಾಲಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಎಂದು ಅದು ಹೇಳಿತು. ವಿಧವೆಗೆ ಗಂಡ ಬದುಕಿದ್ದರೆ ಬರುತ್ತಿದ್ದುದರ ಅರ್ಧ, ಮದುವೆಯಾಗದ ಮಗಳಿಗೆ ಅಣ್ಣತಮ್ಮನ ಪಾಲಿನ ನಾಲ್ಕನೇ ಒಂದು. ಕಾಲು ಭಾಗವೇ ಆದರೂ ಬ್ರಿಟಿಷ್ ಇಂಡಿಯಾದ ಹೆಣ್ಣುಮಗಳಿಗೆ ಆಗ ಅಷ್ಟೂ ಇರಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅಪ್ಪನ ಸ್ವಂತ ಸಂಪಾದನೆಯಲ್ಲಿ ಮಗಳನ್ನು ಮಗನಿಗೆ ಸಮನಾಗಿ ಕೂರಿಸಿತು. ಪಿತ್ರಾರ್ಜಿತದಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಆಮೇಲಿನ ಕಥೆಯನ್ನು ಗಡಿ ತಾಲ್ಲೂಕಿನ ನಾವು ಬೇರೆಯವರಿಗಿಂತ ಹತ್ತಿರದಿಂದ ಕಂಡಿದ್ದೇವೆ. ಶ್ರೀನಿವಾಸಪುರದಿಂದ ಮದನಪಲ್ಲಿಗೆ, ಮುಳಬಾಗಿಲಿನಿಂದ ಪುಂಗನೂರಿಗೆ, ಮಾಲೂರಿನಿಂದ ಹೊಸೂರಿಗೆ ನಾವು ಹೆಣ್ಣು ಕೊಡುತ್ತೇವೆ, ತರುತ್ತೇವೆ. ಆಂಧ್ರದಲ್ಲಿ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿದ ತಿದ್ದುಪಡಿ 1985ರ ಸೆಪ್ಟೆಂಬರ್ 5ರಿಂದ ಜಾರಿಯಲ್ಲಿತ್ತು. ತಮಿಳುನಾಡಿನಲ್ಲಿ 1989ರ ಮಾರ್ಚ್ 25ರಿಂದ. ಕರ್ನಾಟಕದಲ್ಲಿ ಅದು ಬಂದದ್ದು 1994ರ ಜುಲೈ 30ಕ್ಕೆ. ಹಾಗಾಗಿ 1990ರಲ್ಲಿ ಗಡಿಯಾಚೆಯಿಂದ ಮುಳಬಾಗಿಲಿಗೆ ಬಂದ ಸೊಸೆಗೆ ತವರಿನ ಹೊಲದಲ್ಲಿ ಪಾಲಿತ್ತು. ಅದೇ ವರ್ಷ ಅದೇ ಮನೆಯಿಂದ ಮದುವೆಯಾಗಿ ಹೋದ ಮಗಳಿಗೆ ಇರಲಿಲ್ಲ.

ಈ ರಾಜ್ಯ ತಿದ್ದುಪಡಿಗಳಲ್ಲಿ ಒಂದು ಗೆರೆಯಿತ್ತು. ಕಾಯಿದೆ ಜಾರಿಯಾಗುವ ಮೊದಲೇ ಮದುವೆಯಾದವರಿಗೆ ಹಕ್ಕಿಲ್ಲ. ಒಂದೇ ಮನೆಯಲ್ಲಿ 1992ರಲ್ಲಿ ಮದುವೆಯಾದ ಅಕ್ಕನಿಗೆ ಏನೂ ಇಲ್ಲ, 1996ರಲ್ಲಿ ಮದುವೆಯಾದ ತಂಗಿಗೆ ಅಣ್ಣನಷ್ಟೇ ಪಾಲು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಈ ಗೆರೆಯನ್ನು ಅಳಿಸಿತು. ಮದುವೆಯಾಗಿರಲಿ, ಆಗದಿರಲಿ, ಮಗಳು ಹುಟ್ಟಿನಿಂದಲೇ ಪಾಲುದಾರಳು. ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಮಗಳು ಪಾಲು ಕೇಳುವಂತಿಲ್ಲ ಎಂಬ ಹಳೆಯ 23ನೇ ಕಲಮನ್ನೂ ಅದು ತೆಗೆದುಹಾಕಿತು.

ಹಾಗಿದ್ದರೂ ಹದಿನೈದು ವರ್ಷ ಗೊಂದಲ ಮುಗಿಯಲಿಲ್ಲ. 2005ಕ್ಕೆ ಮೊದಲೇ ಅಪ್ಪ ತೀರಿಹೋಗಿದ್ದರೆ? ಸುಪ್ರೀಂ ಕೋರ್ಟಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ ಎರಡು ದೊಡ್ಡ ಪ್ರಕರಣಗಳು ಕರ್ನಾಟಕದ ಮನೆಗಳಿಂದಲೇ ಹೋದವು. 2015ರ ಫುಲಾವತಿ ಪ್ರಕರಣದಲ್ಲಿ ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕಿತ್ತು ಎಂದರು. 2018ರ ದಾನಮ್ಮ ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿಹೋಗಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು: ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಬದುಕಿದ್ದರೇ ಎಂಬ ಪ್ರಶ್ನೆ ಬೇಡ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಿಭಾಗ ಪತ್ರದಿಂದ ಅಥವಾ ಕೋರ್ಟಿನ ಡಿಕ್ರಿಯಿಂದ ಆಸ್ತಿ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. "ನಮ್ಮಲ್ಲಿ ಬಾಯಿಮಾತಿನಲ್ಲೇ ಪಾಲಾಗಿಹೋಗಿದೆ" ಎಂಬ ವಾದವನ್ನು ಕೋರ್ಟುಗಳು ಸುಲಭಕ್ಕೆ ಒಪ್ಪಬಾರದು, ಸರ್ಕಾರಿ ದಾಖಲೆಗಳ ಬೆಂಬಲ ಇರಬೇಕು ಎಂದೂ ಹೇಳಿತು. ಬಿಳಿ ಹಾಳೆಯ ಪಾಲುಪಟ್ಟಿಗೆ ಊರ ಹಿರಿಯರ ಸಹಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟ ನಮ್ಮ ಮನೆಗಳಿಗೆ ಈ ಮಾತು ನೇರವಾಗಿ ತಗಲುತ್ತದೆ.

ವಂಶವೃಕ್ಷ ಎಂಬ ಕಾಗದ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುತ್ತೇವೆ. ಮರಣ ಪ್ರಮಾಣಪತ್ರ, ಪಹಣಿ, ಜೊತೆಗೆ ವಂಶವೃಕ್ಷ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಅಜ್ಜ, ಕೆಳಗೆ ಅಪ್ಪ, ಅದರ ಕೆಳಗೆ ಗಂಡುಮಕ್ಕಳು, ಅವರ ಹೆಂಡತಿಯರು, ಮೊಮ್ಮಕ್ಕಳು ಎಲ್ಲರಿಗೂ ಒಂದೊಂದು ಚೌಕ. ಹೆಣ್ಣುಮಕ್ಕಳ ಜಾಗದಲ್ಲಿ ಎಷ್ಟೋ ಸಲ ಏನೂ ಇರುವುದಿಲ್ಲ. ಅವಳು ಆ ಮನೆಯಲ್ಲಿ ಹುಟ್ಟಿಯೇ ಇಲ್ಲವೇನೋ ಎನ್ನುವ ಹಾಗೆ. ಇದು ಮರೆವಿನಿಂದ ಆಗುವುದು ಕಡಿಮೆ. ಸುಳ್ಳು ವಂಶವೃಕ್ಷ ಕೊಡುವುದು ಅಪರಾಧ. ಹೆಸರು ಬಿಟ್ಟಿರುವುದು ಗೊತ್ತಾದರೆ ಪೌತಿ ಖಾತೆಯ ನೋಟಿಸಿನ ಅವಧಿಯಲ್ಲೇ ನಾಡಕಚೇರಿಯಲ್ಲಿ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ಖಾತೆ ಆಗಿಹೋಗಿದ್ದರೆ ಭೂಕಂದಾಯ ಕಾಯಿದೆಯ 136(2)ರ ಅಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಪಾಲನ್ನೇ ಪಡೆಯಬೇಕೆಂದರೆ ಸಿವಿಲ್ ಕೋರ್ಟಿನ ದಾವೆ.

ಇನ್ನು ಹಕ್ಕು ಬಿಡುಗಡೆ ಪತ್ರ. ನಮ್ಮ ಕಡೆ ಮತ್ತೆ ಮತ್ತೆ ಕಾಣುವ ಬಗೆ ಇದು. ಹಬ್ಬಕ್ಕೆ ತವರಿಗೆ ಬಂದ ಅಕ್ಕನಿಗೆ ತಮ್ಮ ಹೇಳುತ್ತಾನೆ: "ಸೊಸೈಟಿ ಸಾಲಕ್ಕೆ ನಿನ್ನದೊಂದು ಒಪ್ಪಿಗೆ ಬೇಕಂತೆ ಅಕ್ಕ, ನಾಳೆ ಹಂಗೇ ಆಫೀಸಿಗೆ ಬಂದು ಹೋಗು." ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳನ್ನು ಕ್ಯಾಮೆರಾ ಮುಂದೆ ಕೂರಿಸಿ ಫೋಟೋ ತೆಗೆಯುತ್ತಾರೆ, ಹೆಬ್ಬೆರಳು ಒತ್ತಿಸಿಕೊಳ್ಳುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಪತ್ರ ಇರುವುದು ಕನ್ನಡದಲ್ಲಿ. "ಮನಃಪೂರ್ವಕವಾಗಿ, ಯಾರ ಒತ್ತಾಯವೂ ಇಲ್ಲದೆ" ಎಂದು ಅದರಲ್ಲಿ ಬರೆದಿರುವುದನ್ನು ಅವಳಿಗೆ ಯಾರೂ ಓದಿ ಹೇಳಿರುವುದಿಲ್ಲ. ಹೊರಗೆ ಊಟ ಹಾಕಿಸಿ, ಒಂದು ಸೀರೆ ಕೊಟ್ಟು, ಅರಿಶಿನ ಕುಂಕುಮ ಹಚ್ಚಿ ಬಸ್ಸಿಗೆ ಹತ್ತಿಸುತ್ತಾರೆ.

ತಿಳಿದು, ಒಪ್ಪಿ, ನೋಂದಣಿ ಮಾಡಿಸಿದ ಬಿಡುಗಡೆ ಪತ್ರ ಕಾನೂನಿನ ಮುಂದೆ ಗಟ್ಟಿ. ಮೋಸದಿಂದ ಬರೆಸಿಕೊಂಡಿದ್ದರೆ ಅದನ್ನು ರದ್ದುಪಡಿಸಲು ಮೋಸ ತಿಳಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ನೋಂದಣಿಯಿಲ್ಲದ ಛಾಪಾ ಕಾಗದದಿಂದ ಜಮೀನಿನ ಹಕ್ಕು ಬಿಟ್ಟುಹೋಗುವುದಿಲ್ಲ. ಅಪ್ಪ ಬದುಕಿರುವಾಗ ಅವರ ಸ್ವಯಾರ್ಜಿತದಲ್ಲಿ ಮಕ್ಕಳಿಗೆ ಹಕ್ಕೇ ಹುಟ್ಟಿಲ್ಲ, ಇಲ್ಲದ ಹಕ್ಕನ್ನು ಬಿಡುವುದೂ ಸಾಧ್ಯವಿಲ್ಲ.

ಅಣ್ಣತಮ್ಮಂದಿರ ಮಾತನ್ನೂ ಕೇಳಬೇಕು. ಅಕ್ಕನ ಮದುವೆಗೆ ಮಾಡಿದ ಸಾಲ ತೀರಿಸಿದವನು ಅವನು. ಅಪ್ಪನ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಓಡಾಡಿದವನು ಅವನು. ಬೋರ್‌ವೆಲ್ ಕೊರೆಸಿದವನೂ ಅವನೇ. ಮದುವೆ ಖರ್ಚು ಪಾಲಿಗೆ ಜಮಾ ಆಗುವುದಿಲ್ಲ ಎಂದು ಕಾನೂನು ಹೇಳಿದರೆ ಅವನಿಗೆ ಅನ್ಯಾಯ ಎನಿಸುವುದು ಸಹಜ. ಇದಕ್ಕೆ ಪರಿಹಾರ ಅಕ್ಕನನ್ನು ಕತ್ತಲಲ್ಲಿಡುವುದಲ್ಲ. ಎಲ್ಲರನ್ನೂ ಕೂರಿಸಿ, ಖರ್ಚಿನ ಲೆಕ್ಕ ಮುಂದಿಟ್ಟು, ಯಾರಿಗೆ ಎಷ್ಟು ಎಂದು ಒಪ್ಪಿ, ಸರ್ವೆಯ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಣಿ ಮಾಡಿಸುವುದು. ಅಕ್ಕ ಎರಡು ಗುಂಟೆ ಬಿಟ್ಟುಕೊಟ್ಟರೂ ತಿಳಿದು ಬಿಟ್ಟುಕೊಡುತ್ತಾಳೆ. ದಾವೆಯ ದಾರಿ ಹಿಡಿದರೆ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ಕಂದಾಯದ ಭೂಮಿಯಾದರೆ ಜಿಲ್ಲಾಧಿಕಾರಿ ಕಚೇರಿಯ ಮೂಲಕ ಅಳತೆ. ದಾವೆ ಹೂಡಿದವರ ಮಕ್ಕಳು ಫಲ ಕಂಡ ಉದಾಹರಣೆಗಳು ಈ ಸಭೆಯಲ್ಲೇ ಇರಬಹುದು.

ಮದುವೆ ಮುರಿದಾಗ

ನಮ್ಮ ಹಳ್ಳಿಗಳಲ್ಲಿ ಪಂಚಾಯ್ತಿ ಸೇರಿಸಿ, ಛಾಪಾ ಕಾಗದದ ಮೇಲೆ "ಇನ್ನು ಮುಂದೆ ಇಬ್ಬರಿಗೂ ಸಂಬಂಧವಿಲ್ಲ" ಎಂದು ಬರೆದು ಬಿಡುಗಡೆ ಮಾಡಿಸುವ ರೂಢಿ ಇನ್ನೂ ಇದೆ. ಹಿಂದೂ ವಿವಾಹ ಕಾಯಿದೆಯ 29(2)ನೇ ಕಲಂ ಸಮುದಾಯದ ಸಂಪ್ರದಾಯದಂತೆ ಆಗುವ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಅಂಥ ಸಂಪ್ರದಾಯ ತಮ್ಮಲ್ಲಿ ಹಿಂದಿನಿಂದ ಇದೆ ಎಂದು ಕೋರ್ಟಿನಲ್ಲಿ ಹೇಳಿ ಸಾಬೀತು ಮಾಡಬೇಕು. 2002ರ ಯಮನಾಜಿ ಜಾಧವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಸಾಬೀತಾಗದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ, ಮೊದಲ ಮದುವೆ ಹಾಗೇ ಇರುತ್ತದೆ, ಎರಡನೆಯದು ಅಸಿಂಧು. ಎರಡನೇ ಹೆಂಡತಿ ಕಾನೂನಿನ ಕಣ್ಣಿಗೆ ಹೆಂಡತಿಯೇ ಅಲ್ಲ. ಅವಳ ಮಕ್ಕಳು ಮಾತ್ರ ನ್ಯಾಯಸಮ್ಮತ ಮಕ್ಕಳು. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಬಂದ ತೀರ್ಪಿನಂತೆ, ಪಿತ್ರಾರ್ಜಿತದಲ್ಲಿ ತಮ್ಮ ತಂದೆಗೆ ಬರಬಹುದಾದ ಪಾಲಿನಲ್ಲಿ ಅವರಿಗೂ ಭಾಗವಿದೆ.

ಇಬ್ಬರಿಗೂ ಒಪ್ಪಿಗೆ ಇದ್ದರೆ 13ಬಿ ಕಲಮಿನ ದಾರಿ ಸರಳ. ಒಂದು ವರ್ಷ ಬೇರೆ ಇದ್ದಿರಬೇಕು. ಜಂಟಿ ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಕೂಡಿ ಬಾಳುವ ಸಾಧ್ಯತೆ ಇಲ್ಲ, ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥವಾಗಿದೆ ಎಂದರೆ ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರ ಅಮರ್‌ದೀಪ್ ಸಿಂಗ್ ತೀರ್ಪು ಹೇಳಿದೆ.

ಹಿಂದೆ 125ನೇ ಕಲಂ ಎಂದು ಎಲ್ಲರ ಬಾಯಲ್ಲಿದ್ದ ಜೀವನಾಂಶದ ಅರ್ಜಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಂತೆ ಗಂಡ, ಹೆಂಡತಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಲ್ಲಬೇಕು. ಕೊಡದಿದ್ದರೆ ವಾರಂಟು, ಜೈಲು. ಬಾಕಿಯನ್ನು ಮಾತ್ರ ಒಂದು ವರ್ಷದೊಳಗೆ ಕೇಳಬೇಕು, ಮರೆಯಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಗಂಡನೊಡನೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಕೊಟ್ಟಿದೆ, ಆ ಮನೆ ಅತ್ತೆಮಾವನ ಹೆಸರಿನಲ್ಲಿದ್ದರೂ.

ಇಷ್ಟೆಲ್ಲ ಇದ್ದೂ ಜೀವನಾಂಶ ಎಂಬುದು ತಿಂಗಳು ತಿಂಗಳು ಬೆನ್ನುಹತ್ತಿ ವಸೂಲು ಮಾಡುವ ಹಣ. ಟೊಮೆಟೊ ಮಂಡಿಯಲ್ಲಿ ದಿನಗೂಲಿ ಮಾಡುವ ಗಂಡನಿಂದ ಎಷ್ಟು ಬಂದೀತು? ಗಂಡ ಬದುಕಿರುವಾಗ ಅವನ ಪಿತ್ರಾರ್ಜಿತದಲ್ಲಿ ಹೆಂಡತಿ ತನಗೆಂದು ಪಾಲು ಕೇಳಿ ದಾವೆ ಹೂಡಲಾಗದು. ಆಗ ಅವಳು ತವರಿನ ಕಡೆ ತಿರುಗುತ್ತಾಳೆ. ಅಲ್ಲಿ ಅವಳ ಹೆಸರಿನಲ್ಲಿ ಮೂವತ್ತು ಗುಂಟೆ ಇದ್ದರೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸುತ್ತಾಳೆ. ಇಲ್ಲದಿದ್ದರೆ ಅಣ್ಣನ ಮನೆಯಲ್ಲಿ ಕೂಲಿಯಿಲ್ಲದ ಆಳು, ಅಥವಾ ಹೊಡೆಯುವ ಗಂಡನ ಮನೆಗೇ ವಾಪಸು. ಪಾಲಿನ ಪ್ರಶ್ನೆಯನ್ನೂ ವಿಚ್ಛೇದನದ ಪ್ರಶ್ನೆಯನ್ನೂ ಬೇರ್ಪಡಿಸಲಾಗದು ಎಂದು ನಾನು ಆರಂಭದಲ್ಲಿ ಹೇಳಿದ್ದು ಇದಕ್ಕೇ.

ಉಯಿಲು: ಏನನ್ನು ಬರೆಯಬಹುದು, ಹೇಗೆ ಬರೆಯಬೇಕು

"ಎಲ್ಲವನ್ನೂ ಮಗನ ಹೆಸರಿಗೆ ಉಯಿಲು ಬರೆದುಬಿಡುತ್ತೇನೆ, ಮುಗಿಯಿತು" ಎನ್ನುವ ಅಪ್ಪಂದಿರು ತಿಳಿಯಬೇಕಾದದ್ದು ಒಂದಿದೆ. ನಿಮ್ಮದಲ್ಲದ್ದನ್ನು ನೀವು ಬರೆಯಲಾಗದು. ಒಂದು ಲೆಕ್ಕ ನೋಡಿ. ನಾಲ್ಕು ಎಕರೆ ಪಿತ್ರಾರ್ಜಿತ. ಹೆಂಡತಿ ಮೊದಲೇ ತೀರಿಹೋಗಿದ್ದಾಳೆ. ಅಪ್ಪ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ನಾಲ್ವರೂ ಪಾಲುದಾರರು, ತಲಾ ಒಂದು ಎಕರೆ. ಅಪ್ಪ ಉಯಿಲು ಬರೆಯಬಹುದಾದದ್ದು ತನ್ನ ಒಂದು ಎಕರೆಯನ್ನು ಮಾತ್ರ. ಅದನ್ನು ಮಗನಿಗೆ ಬರೆದರೆ ಮಗನಿಗೆ ಎರಡು ಎಕರೆ, ಹೆಣ್ಣುಮಕ್ಕಳಿಗೆ ತಲಾ ಒಂದು. ಉಯಿಲೇ ಇಲ್ಲದಿದ್ದರೆ ಆ ಒಂದು ಎಕರೆ ಮೂವರಿಗೂ ಹಂಚಿ, ಪ್ರತಿಯೊಬ್ಬರಿಗೂ ಒಂದು ಎಕರೆ ಹದಿಮೂರು ಗುಂಟೆಯ ಮೇಲೆ ಚೂರು. ಅಪ್ಪನ ಸ್ವಯಾರ್ಜಿತವಾದರೆ ಬೇರೆ ಮಾತು. ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಅಜ್ಜ ತನ್ನ ದುಡಿಮೆಯಿಂದ ಕೊಂಡು, 1956ರ ನಂತರ ತೀರಿಹೋಗಿ, ಅಪ್ಪನಿಗೆ ವಾರಸಿನಿಂದ ಬಂದ ಜಮೀನು ಕೂಡ ಅಪ್ಪನ ಸ್ವಂತದ್ದೇ ಎಂದು ಸುಪ್ರೀಂ ಕೋರ್ಟ್ 1986ರ ಚಂದರ್ ಸೇನ್ ಪ್ರಕರಣದಿಂದ ಹೇಳುತ್ತಾ ಬಂದಿದೆ. ಅಜ್ಜನದ್ದೆಲ್ಲ ಪಿತ್ರಾರ್ಜಿತ ಎಂಬ ನಂಬಿಕೆಯಿಂದ ಹೂಡಿದ ಎಷ್ಟೋ ದಾವೆಗಳು ಇಲ್ಲಿ ಬೀಳುತ್ತವೆ.

ಬರೆಯುವ ಕ್ರಮ ಕಷ್ಟದ್ದಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಭಾರತೀಯ ಉತ್ತರಾಧಿಕಾರ ಕಾಯಿದೆ, 1925ರ 63ನೇ ಕಲಂ ಕೇಳುವುದು ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳು, ಅವರು ಬರೆಸಿದವರ ಎದುರಿಗೇ ಹಾಕಿದ ಸಹಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಹಾಸಿಗೆ ಹಿಡಿದವರಾದರೆ ಸಬ್‌ರಿಜಿಸ್ಟ್ರಾರರು ಮನೆಗೇ ಬರುವ ಅವಕಾಶವಿದೆ. ಮನಸ್ಸು ಬದಲಾದರೆ ಬದಲಿಸಬಹುದು; ಕೊನೆಯದಾಗಿ ಬರೆದದ್ದೇ ನಿಲ್ಲುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ತಪ್ಪಿಲ್ಲದೆ ಇರಲಿ. ಬರೆಸುವವರಿಗಿಂತ ಚಿಕ್ಕ ವಯಸ್ಸಿನ, ಆಸ್ತಿಯಲ್ಲಿ ಏನೂ ಪಡೆಯದ ಸಾಕ್ಷಿಗಳಿರಲಿ. ಮುಂದೆ ಕೋರ್ಟಿಗೆ ಹೋದರೆ ಬದುಕಿರುವ ಒಬ್ಬ ಸಾಕ್ಷಿಯಾದರೂ ಬಂದು ಹೇಳಲೇಬೇಕು.

ಈ ವಿಷಯದಲ್ಲಿ ಇಡೀ ದೇಶ ಇವತ್ತಿಗೂ ಆಧಾರವಾಗಿಟ್ಟುಕೊಂಡಿರುವ ತೀರ್ಪು ಮೈಸೂರಿನ ಒಂದು ಮನೆಯ ಉಯಿಲಿನದು: ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ, 1958. ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಗಿದ್ದರೆ ಅದು ಸಂಶಯದ ಸನ್ನಿವೇಶ. ಸಹಿ ಅವರದೇ ಎಂದು ತೋರಿಸಿದರೆ ಸಾಲದು, ಆ ಸಂಶಯವನ್ನು ಪರಿಹರಿಸುವ ಭಾರ ಉಯಿಲನ್ನು ಮುಂದಿಟ್ಟವರ ಮೇಲೇ ಇರುತ್ತದೆ. ಆಸ್ಪತ್ರೆ ವಾರ್ಡಿನಲ್ಲಿ ಮಗನೇ ಬರಹಗಾರರನ್ನು ಕರೆತಂದು ಅಪ್ಪನ ಹೆಬ್ಬೆಟ್ಟು ಒತ್ತಿಸಿದ ಉಯಿಲುಗಳಿಗೆ ಈ ತೀರ್ಪು ಎದುರು ನಿಲ್ಲುತ್ತದೆ. ನೋಂದಣಿಯಾಗಿದ್ದರೂ ಪಾರಾಗುವುದಿಲ್ಲ. ಹಾಗಾಗಿ ಯಾರಿಗಾದರೂ ಕಡಿಮೆ ಕೊಡುವುದಾದರೆ ಕಾರಣವನ್ನು ಅದರಲ್ಲೇ 'ನನ್ನನ್ನು ನೋಡಿಕೊಂಡವನು ಇವನು, ಮಗಳಿಗೆ ಸೈಟು ಕೊಟ್ಟಿದ್ದೇನೆ' ಎಂದು ಬರೆಯಿರಿ.

ಉಯಿಲಿನ ಬದಲು ದಾನಪತ್ರ ಬರೆಸಿಕೊಳ್ಳಲು ಅವಸರ ಮಾಡುವ ಮಕ್ಕಳಿದ್ದಾರೆ. ಉಯಿಲು ನೀವು ಹೋದ ಮೇಲೆ ಜಾರಿ, ದಾನ ಆ ದಿನವೇ. ದಾನ ಕೊಡುವುದಾದರೆ ಸಾಕುವ ಷರತ್ತನ್ನು ಪತ್ರದಲ್ಲೇ ಬರೆಸಿ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ದಾನವನ್ನು ರದ್ದುಪಡಿಸಲು ಆ ಷರತ್ತು ಆಧಾರವಾಗುತ್ತದೆ.

ಮುಸ್ಲಿಂ ಬಂಧುಗಳಿಗೆ ಒಂದು ಮಾತು. ಅವರ ವೈಯಕ್ತಿಕ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ. ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ಉಯಿಲು ಬರೆದರೆ ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ನಡೆಯದು. ಮಗಳಿಗೆ ಮಗನ ಅರ್ಧ. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಎಂದರೆ 2019ರ ಕಾಯಿದೆಯಂತೆ ಅಪರಾಧ. ಕೆಜಿಎಫ್ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಉಯಿಲು ಇಲ್ಲದಾಗ ಮಗ, ಮಗಳು ಸಮಾನ.

ಮಾಡಬೇಕಾದದ್ದು

ಹೆಣ್ಣುಮಗಳಾದವಳಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ವಕೀಲರು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಕೋಲಾರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಶುಲ್ಕ ವಾಪಸು.

ಅದಕ್ಕಿಂತ ಮೊದಲು ಮನೆಯಲ್ಲೇ ಆಗಬೇಕಾದ ಕೆಲಸವಿದೆ. ಓದಿದ ಹುಡುಗ ಹುಡುಗಿಯರು ನಿಮ್ಮ ಮನೆಯ ಪಹಣಿ ತೆಗೆಸಿ, ಮ್ಯುಟೇಷನ್ ನಕಲು ತೆಗೆಸಿ, ಋಣಭಾರ ಪತ್ರ ತೆಗೆಸಿ, ಯಾವುದು ಪಿತ್ರಾರ್ಜಿತ, ಯಾವುದು ಸ್ವಯಾರ್ಜಿತ ಎಂದು ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದಿಡಿ. ವಂಶವೃಕ್ಷ ಬರೆಯುವಾಗ ಸೋದರತ್ತೆಯರ ಹೆಸರನ್ನೂ ಬರೆಯಿರಿ. ಅಕ್ಕತಂಗಿಯರೆ, ಓದಿಸಿ ಕೇಳದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ತವರಿನವರು ಮುನಿಸಿಕೊಂಡರೆ ಒಂದು ಹಬ್ಬ ಕಳೆದು ಸರಿಹೋಗುತ್ತಾರೆ, ನೋಂದಣಿಯಾದ ಪತ್ರ ಹಾಗೆ ಸರಿಹೋಗುವುದಿಲ್ಲ. ಅಣ್ಣತಮ್ಮಂದಿರೆ, ನಿಮ್ಮ ಮಗಳಿಗೂ ನಾಳೆ ಒಬ್ಬ ಅಣ್ಣನಿರುತ್ತಾನೆ. ಅವನು ಅವಳಿಂದ ಎಂಥ ಸಹಿ ಕೇಳಬೇಕೆಂದು ನೀವು ಬಯಸುತ್ತೀರೋ, ನಿಮ್ಮ ಅಕ್ಕನಿಂದ ಅದನ್ನೇ ಕೇಳಿ.